ಬರಕ್ಕೆ ಕಾಯದೆ ಜೋಳದ ತಳಿ ಆರಿಸುವ ಬಗೆ



ಜತ್ತ ಭಾಗದ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದು ನೆಲದಲ್ಲಿ ಉಳಿದ ಹಸಿಯ ಮೇಲೆ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಆ ಹಸಿ ಆರಿತೆಂದರೆ ಎಲೆ ಒಣಗುತ್ತದೆ, ಕಾಳು ಸಣ್ಣಗಾಗುತ್ತದೆ, ದಂಟು ಒಳಗೆ ಕರ್ರಗಾಗಿ ನೆಲಕ್ಕೆ ಬೀಳುತ್ತದೆ. ಕಾಳಿನ ಜೊತೆಗೆ ಕಣಿಕಿಯೂ, ಅಂದರೆ ಮರಾಠಿಯವರ ಕಡಬಾ ಕೂಡ, ಕೆಡುತ್ತದೆ.

ಇಥಿಯೋಪಿಯಾ ಮೂಲದ ಬಿ-35 ಎಂಬ ಜೋಳ ಹಾಗಲ್ಲ. ಹಸಿ ಆರಿದರೂ ಅದರ ಎಲೆ ಬಹಳ ದಿನ ಹಸಿರಾಗಿರುತ್ತದೆ, ದಂಟು ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆಂದು ಅದನ್ನೇ ಬಿತ್ತಲಾಗದು. ನಮಗೆ ನಮ್ಮ ಕಾಳು, ನಮ್ಮ ರೊಟ್ಟಿಯೇ ಬೇಕು. ಆ ಒಂದು ಗುಣವನ್ನು ಮಾತ್ರ ನಮ್ಮ ಜೋಳಕ್ಕೆ ತರಬೇಕು.

ಎರಡನ್ನೂ ಸಂಕರ ಮಾಡಿದರೆ ಮರಿಗಿಡಗಳಲ್ಲಿ ಯಾವುದಕ್ಕೆ ಆ ಗುಣ ಬಂದಿದೆ? ಒಳ್ಳೆ ಮಳೆಯಾದ ವರ್ಷ ಎಲ್ಲವೂ ಹಸಿರೇ. ಬರ ಬಿದ್ದರೆ ರೈತ ಕೆಟ್ಟ, ಬೀಳದಿದ್ದರೆ ತಳಿ ಮಾಡುವವರ ವರ್ಷ ಕೆಟ್ಟಿತು!

ಇಲ್ಲಿಯೇ ಮಾರ್ಕರ್, ಅಂದರೆ ವಂಶವಾಹಿಯ ಗುರುತು, ನೆರವಿಗೆ ಬರುತ್ತದೆ. ಪರಊರಿನವರಿಗೆ ಮನೆ ತೋರಿಸುವಾಗ ‘ಬೇವಿನ ಮರದ ಪಕ್ಕದ್ದು’ ಅನ್ನುತ್ತೇವಲ್ಲ, ಹಾಗೆ. ಮರವೇ ಮನೆಯಲ್ಲ, ಆದರೆ ಮರ ಕಂಡರೆ ಮನೆ ಹತ್ತಿರವಿದೆ. ಗುಣವಿರುವ ತುಣುಕಿನ ಪಕ್ಕದ ಗುರುತೂ ಸಾಮಾನ್ಯವಾಗಿ ಅದರ ಜೊತೆಗೇ ಸಂತಾನಕ್ಕೆ ಇಳಿಯುತ್ತದೆ. ಸಸಿಯ ಎಲೆಯ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಗುರುತು ಇದ್ದುದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಇಟ್ಟುಕೊಂಡದ್ದನ್ನು ನಮ್ಮ ತಳಿಯೊಡನೆ ಮತ್ತೆ ಮತ್ತೆ ಸಂಕರಿಸುತ್ತಾರೆ. ಮೊದಲು ಅರ್ಧ ನಮ್ಮದು, ಆಮೇಲೆ ಸುಮಾರು ಮುಕ್ಕಾಲು, ಹೀಗೆ ಏರುತ್ತದೆ. ಬಿ.ಟಿ. ಹತ್ತಿಯಲ್ಲಿ ಸೂಕ್ಷ್ಮಜೀವಿಯ ವಂಶವಾಹಿಯನ್ನು ಹೊರಗಿನಿಂದ ಸೇರಿಸುತ್ತಾರೆ. ಇಲ್ಲಿ ಜೋಳಕ್ಕೆ ಜೋಳದ್ದೇ ಗುಣ.

ಬಿ-35ರಲ್ಲಿ ಹಸಿರು ಉಳಿಸುವ ಗುಣ ಮುಖ್ಯವಾಗಿ ನಾಲ್ಕು ಕಡೆ ಹಂಚಿದೆ ಎಂದು ಗುರುತಿಸಿದ್ದಾರೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಆ ತುಣುಕುಗಳನ್ನು ಆರ್-16 ಎಂಬ ಹಿಂಗಾರಿ ಜೋಳಕ್ಕೆ ತಂದು ನೋಡಿದೆ. ಫಲ ಎಲ್ಲ ಕಡೆ ಒಂದೇ ಸಮವಿಲ್ಲ; ಒಂದು ತಳಿಯಲ್ಲಿ ಕೆಲಸ ಮಾಡಿದ ತುಣುಕು ಇನ್ನೊಂದರಲ್ಲಿ ಅಷ್ಟು ಮಾಡದು. ಭತ್ತದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮುಂದೆ ಹೋಗಿ, ಇದೇ ದಾರಿಯಲ್ಲಿ ನಿಂತ ನೀರಿಲ್ಲದೆ ಬೆಳೆಯುವ ಎಂ.ಎ.ಎಸ್. 946-1 ತಳಿಯನ್ನು 2007ರಲ್ಲಿ ಕೊಟ್ಟಿತು.

ನಮ್ಮ ಮಾಲದಂಡಿ 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ, ಇಂಥ ಯಾವ ಪರೀಕ್ಷೆಯೂ ಇಲ್ಲದೆ, ಬರೀ ಕಣ್ಣಳತೆಯಿಂದ ಆರಿಸಿ ತೆಗೆದದ್ದು. ರೈತರು ಅದನ್ನು ಇನ್ನೂ ಬಿಟ್ಟಿಲ್ಲ. ಹೊಸ ಬೀಜ ಯಾರಾದರೂ ತೋರಿಸಿದರೆ, ಅದನ್ನು ಆಳದ ಎರೆಯಲ್ಲಿ ಪರೀಕ್ಷಿಸಿದ್ದೋ ನಮ್ಮ ತೆಳುವಾದ ಮಡ್ಡಿಯಲ್ಲೋ ಎಂದು ಮೊದಲು ಕೇಳಿರಿ.