ಈಚಲ ಮರದ ಕೆಳಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕ ಅದನ್ನು ಹೆಂಡವೆಂದೇ ನಂಬುತ್ತದೆಯಂತೆ. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣನ ಗುಡಿಯನ್ನು ನೋಡಿಕೊಂಡು ಹಿಂದಿರುಗುತ್ತ, ಹೊಲದ ಬದುವಿನ ಒಂಟಿ ಈಚಲ ಮರದ ಬಳಿ ನಿಂತಾಗ ನನಗೆ ಆ ಗಾದೆ ನೆನಪಾಯಿತು. ಊರಿನ ಹೆಸರಿಗೂ ಸೇಂದಿಗೂ ನಂಟು ಕಲ್ಪಿಸುವ ಚಪಲವೂ ಹುಟ್ಟಿತು. ಕಿವಿಗೆ ಇಂಪಾದುದೆಲ್ಲ ಇತಿಹಾಸವಲ್ಲವೆಂದು ಸುಮ್ಮನಾದೆ.

ಮರದ ಕಾಂಡ ಹಾವಿನ ನಡೆಯಂತೆ ಅತ್ತಿತ್ತ ಬಳುಕಿತ್ತು. ಜೊತೆಗಿದ್ದ ಹಿರಿಯರು ಪ್ರಾಯದಲ್ಲಿ ಮರ ಹತ್ತಿ ಬದುಕಿದವರು. ಆ ಬಳುಕಿನ ಅರ್ಥವನ್ನು ಬಿಡಿಸಿ ಹೇಳಿದರು. ತೆಂಗಿನಲ್ಲಿ ಹೊಂಬಾಳೆಯನ್ನು ಸವರಿ ರಸವಿಳಿಸುತ್ತಾರೆ. ಈಚಲಿನಲ್ಲಾದರೋ ಸುಳಿಯ ಕೆಳಗಿನ ಎಳೆಯ ಕಾಂಡವನ್ನೇ ಕೆತ್ತಬೇಕು. ಒಂದು ವರ್ಷ ಈ ಮಗ್ಗುಲು, ಮರುವರ್ಷ ಆ ಮಗ್ಗುಲು. ಗಾಯಗಳನ್ನೆಣಿಸಿದರೆ ಮರ ದುಡಿದ ವರ್ಷಗಳ ಲೆಕ್ಕ ದೊರೆಯುತ್ತದೆ. ಸಂಜೆ ಕಟ್ಟಿದ ಮಡಕೆಯನ್ನು ನಸುಕಿನಲ್ಲಿಳಿಸಿದರೆ ರಸ ಸಿಹಿ. ಬಿಸಿಲೇರಿದಂತೆ ತಾನಾಗಿ ಹುದುಗಿ ನೊರೆಯೇಳುತ್ತದೆ. ಮರುದಿನಕ್ಕೆ ಬರಿಯ ಹುಳಿ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಹುದುಗು ತಡೆದು ನೀರಾ ಆಗಿ ಉಳಿಯುತ್ತದೆ.

“ಕೆರೆ ಕೆಳಗಿನ ಮರದ್ದು ತೆಳು, ದಿಣ್ಣೆ ಮರದ್ದು ಗಟ್ಟಿ, ಸ್ವಾಮಿ,” ಎಂದರು ಅವರು. ಫ್ರಾನ್ಸಿನ ರಸಿಕರು ಒಂದೊಂದು ಇಳಿಜಾರಿನ ದ್ರಾಕ್ಷಾರಸಕ್ಕೂ ಒಂದೊಂದು ರುಚಿಯನ್ನು ಗುರುತಿಸಿ ಸಂಪುಟಗಳನ್ನು ಬರೆದಿದ್ದಾರೆ. ಇಲ್ಲಿಯದು ಸೀಸೆಯನ್ನೂ ಕಾಣದ, ಕೂಲಿಯವನ ಕೈಗೆಟುಕುತ್ತಿದ್ದ ಒಂದು ಹಗಲಿನ ಮದ್ಯ; ದೂರದೂರಿಗೆ ಹೋಗಲಾರದ್ದರಿಂದಲೇ ಅದು ಆ ಊರಿನದಾಗಿತ್ತು.

ಸಾಹಿತ್ಯ ಅದನ್ನು ಕಡೆಗಣಿಸಲಿಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಪಾನಕ್ರೀಡೆಗೂ ಒಂದು ಎಡೆಯುಂಟು. ರಾಜರತ್ನಂ ಅವರ ರತ್ನನಂತೂ ಹೆಂಡದಂಗಡಿಯ ಮಾತನ್ನೇ ಕಾವ್ಯವಾಗಿಸಿದ.

ಆದರೆ 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ, ಸಂಸ್ಥಾನದ ಅಬಕಾರಿ ಆದಾಯಕ್ಕೆ ಪೆಟ್ಟು ಕೊಡಲೆಂದು ಸತ್ಯಾಗ್ರಹಿಗಳು ಈಚಲ ಮರಗಳನ್ನೇ ಕಡಿದುರುಳಿಸಿದರು. ಅವರನ್ನು ನಾನು ಹಳಿಯಲಾರೆ; ಗುತ್ತಿಗೆದಾರರ ಅಂಗಡಿಗಳಿಂದ ಎಷ್ಟು ಮನೆಗಳ ಒಲೆ ಆರಿತೆಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಮುಂದೆ ಹೆಂಡಕ್ಕೆ ಅಮಲಿನ ಮದ್ದು ಬೆರೆಸುವ ಪಿಡುಗೂ ಸೇರಿತು. ಈ ಶತಮಾನದ ಮೊದಲ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಾರಸಕ್ಕೆ ಪ್ರೋತ್ಸಾಹ ನೀಡುವ ನೀತಿಯನ್ನು ತಂದಿತು! ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೆ ನನಗೇನೂ ಹಗೆಯಿಲ್ಲ. ನಂದಿಬೆಟ್ಟದ ಸುತ್ತಣ ರೈತನಿಗೂ ಬೆಲೆ ಸಿಕ್ಕಲಿ. ಆದರೆ ಕುಡಿತವೇನೂ ನಿಲ್ಲಲಿಲ್ಲ. ಯಾವ ನೆಲದ್ದೆಂದು ಹೇಳಲಾಗದ ಅಗ್ಗದ ಸೀಸೆ ಮಡಕೆಯ ಜಾಗಕ್ಕೆ ಬಂದಿತು. ನಿಂತುದು ಮರ ಬಲ್ಲವರ ವಿದ್ಯೆ.

ಹಿರಿಯರು ಮನೆಗೆ ಕರೆದೊಯ್ದು ತಮ್ಮ ಹಳೆಯ ಕತ್ತಿಯನ್ನು ತೋರಿಸಿದರು. ಅಲಗು ಇನ್ನೂ ಹರಿತವಾಗಿದೆ. ಈಗ ಅದರಿಂದ ಮೇಕೆಗೆ ಸೊಪ್ಪು ಕೊಯ್ಯುತ್ತಾರಂತೆ.