ರೂಪ ಸುಲಭ, ಅಳತೆ ಕಷ್ಟ

ಕಲಬುರಗಿ ಕೋಟೆಯಲ್ಲಿರುವ ಸುಮಾರು 29 ಅಡಿ ಉದ್ದದ ತೋಪನ್ನು ಕಂಡವರು ಅದರ ಚಿತ್ರ ಬರೆದುಬಿಡಬಹುದು. ಆದರೆ ಅದನ್ನು ಸಿಡಿಸಿದರೆ ಗುಂಡು ಎಷ್ಟು ದೂರ ಹೋದೀತು ಎಂದು ಕೇಳಿದರೆ ಚಿತ್ರ ಉತ್ತರ ಕೊಡದು. ಅದಕ್ಕೆ ನಳಿಗೆಯ ಒಳ ಅಳತೆ, ಗುಂಡಿನ ತೂಕ, ಮದ್ದಿನ ಪ್ರಮಾಣ ಗೊತ್ತಿರಬೇಕು. ಕೈಯಾರೆ ಕಟ್ಟಿದ ರೇಸ್ ಕಾರನ್ನು ಕಂಪ್ಯೂಟರಿನ ‘ರೇಸಿಂಗ್ ಸಿಮ್ಯುಲೇಟರ್’ಗೆ ಸೇರಿಸ ಹೊರಟವರಿಗೂ ಎದುರಾಗುವುದು ಇಂಥದೇ ಪ್ರಶ್ನೆ.

ಸಿಮ್ಯುಲೇಟರ್ ಎಂದರೆ ಬರಿಯ ಆಟವಲ್ಲ. ಸ್ಟೀರಿಂಗ್ ತಿರುಗಿಸಿದಾಗ, ಬ್ರೇಕ್ ತುಳಿದಾಗ ಕಾರು ಹೇಗೆ ವರ್ತಿಸುತ್ತದೆಂದು ಭೌತಶಾಸ್ತ್ರದ ಸೂತ್ರಗಳಿಂದ ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ತಂತ್ರಾಂಶ ಅದು. ಇಟಲಿಯ ಕುನೋಸ್ ಸಂಸ್ಥೆ 2014ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಅಸೆಟ್ಟೊ ಕೊರ್ಸಾ’ದಲ್ಲಿ ಬಳಕೆದಾರರೇ ಹೊಸ ಕಾರುಗಳನ್ನು ಸೇರಿಸಬಹುದು.

ಕಾರ್ಖಾನೆಯಿಂದ ಬಂದ ಕಾರಾದರೆ ಬಹಳಷ್ಟು ಅಂಕಿಅಂಶ ಕೈಪಿಡಿಯಲ್ಲೇ ಸಿಗುತ್ತದೆ. ಜಗತ್ತಿನಲ್ಲಿ ಒಂದೇ ಒಂದು ಇರುವ ಕಾರಿಗೆ ಕೈಪಿಡಿ ಎಲ್ಲಿಯದು? ಅಂಥ ಕಾರುಗಳು ನಮ್ಮ ರಾಜ್ಯದಲ್ಲೂ ಇವೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’, ಮಣಿಪಾಲದ ‘ಫಾರ್ಮುಲಾ ಮಣಿಪಾಲ್’ ತಂಡಗಳ ವಿದ್ಯಾರ್ಥಿಗಳು ‘ಫಾರ್ಮುಲಾ ಸ್ಟೂಡೆಂಟ್’ ಮಾದರಿಯ ಸ್ಪರ್ಧೆಗಳಿಗಾಗಿ ಒಂಟಿ ಆಸನದ ಕಾರುಗಳನ್ನು ತಾವೇ ಕಟ್ಟಿದ್ದಾರೆ.

ಇಂಥ ಕಾರನ್ನು ಪರದೆಗೆ ತರುವ ಕೆಲಸದಲ್ಲಿ ಎರಡು ಭಾಗ. ಮೊದಲನೆಯದು ರೂಪ. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಮೂರು ಆಯಾಮದ ಆಕೃತಿ ಮಾಡಿ ಬಣ್ಣ ಬಳಿದರೆ ನೋಡಲು ಕಾರು ಸಿದ್ಧ. ಎರಡನೆಯದು ನಡತೆ. ಇದು ಅಂಕಿಗಳ ಕಡತಗಳಲ್ಲಿ ಅಡಗಿರುತ್ತದೆ: ತೂಕ, ಸಸ್ಪೆನ್ಷನ್, ಎಂಜಿನ್, ಗೇರು, ಟೈರು.

ತೂಕವನ್ನೇ ನೋಡೋಣ. ಚಾಲಕನನ್ನು ಕೂರಿಸಿ ನಾಲ್ಕೂ ಚಕ್ರಗಳ ಕೆಳಗೆ ಒಂದೊಂದು ತಕ್ಕಡಿ ಇಡುತ್ತಾರೆ. ಒಟ್ಟು 300 ಕಿಲೋದಲ್ಲಿ 162 ಕಿಲೋ ಹಿಂದಿನ ಚಕ್ರಗಳ ಮೇಲೆ ಬಿದ್ದರೆ ಹಿಂಭಾಗದ ಪಾಲು ಶೇ. 54 ಎಂದಾಯಿತು. ಎಂಜಿನ್ನಿನ ವಿಷಯ ಇನ್ನೂ ಸೂಕ್ಷ್ಮ. ಫಾರ್ಮುಲಾ ಸ್ಟೂಡೆಂಟ್ ನಿಯಮದಂತೆ ಪೆಟ್ರೋಲ್ ಎಂಜಿನ್ 710 ಸಿಸಿ ಮೀರಬಾರದು. ಅದು ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಕಿಂಡಿಯಲ್ಲೇ ಹಾಯಬೇಕು. ಹೀಗಾಗಿ ಮೋಟಾರ್‌ಸೈಕಲಿನಿಂದ ತಂದ ಎಂಜಿನ್ನಿಗೆ ಮೋಟಾರ್‌ಸೈಕಲ್ ಕಂಪೆನಿ ಹೇಳಿದ ಶಕ್ತಿಯನ್ನೇ ಬರೆದರೆ ಲೆಕ್ಕ ತಪ್ಪುತ್ತದೆ. ಅದನ್ನು ಡೈನಮೋಮೀಟರ್ ಮೇಲೆ ಓಡಿಸಿಯೇ ಅಳೆಯಬೇಕು. ಎಲ್ಲಕ್ಕಿಂತ ಕಷ್ಟದ್ದು ಟೈರು. ಅದರ ಹಿಡಿತ ಭಾರಕ್ಕೆ, ಬಿಸಿಗೆ, ತಿರುವಿನ ಕೋನಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ, ಬೇರೊಂದು ಕಾರಿನ ಅಂಕಿಗಳನ್ನೇ ಎರವಲು ಪಡೆಯಬಾರದೇ? ಪಡೆಯಬಹುದು, ಪರದೆಯ ಮೇಲೆ ಕಾರು ಓಡಲೂ ಓಡುತ್ತದೆ. ಆದರೆ ಗಂಟೆಗೆ 72 ಕಿ.ಮೀ. ವೇಗದಲ್ಲಿರುವ ಕಾರು ಗುರುತ್ವದ 1.2 ಪಟ್ಟು ಬ್ರೇಕ್ ಬಲದಲ್ಲಿ ನಿಲ್ಲಲು 17 ಮೀಟರ್ ಬೇಕು. ಸಿಮ್ಯುಲೇಟರ್ 1.5 ಪಟ್ಟು ಎಂದು ತಿಳಿದರೆ 13.6 ಮೀಟರಿಗೇ ನಿಲ್ಲಿಸಿ ತೋರಿಸುತ್ತದೆ. ಪರದೆಯ ಮುಂದೆ ಬ್ರೇಕ್ ಹಾಕುವ ಜಾಗ ಕಲಿತ ಹುಡುಗ ನಿಜವಾದ ಟ್ರ್ಯಾಕಿನಲ್ಲಿ ಮೂರು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಅಲ್ಲಿ ಗೋಡೆಯಿದ್ದರೆ ಗತಿಯೇನು? ಅದಕ್ಕೇ ನಿಜವಾದ ಕಾರಿನಲ್ಲಿ ಉಪಕರಣ ದಾಖಲಿಸಿದ ವೇಗವನ್ನೂ ಪರದೆಯ ಕಾರಿನ ವೇಗವನ್ನೂ ಒಂದೇ ಟ್ರ್ಯಾಕಿನಲ್ಲಿ ಹೋಲಿಸಿ, ವ್ಯತ್ಯಾಸ ಕಂಡಲ್ಲಿ ತಿದ್ದಬೇಕಾಗುತ್ತದೆ.

ಈ ಶ್ರಮದಿಂದ ಮತ್ತೊಂದು ಲಾಭವೂ ಉಂಟು. ಓದು ಮುಗಿಸಿದ ವಿದ್ಯಾರ್ಥಿಗಳು ಕಾಲೇಜು ಬಿಡುತ್ತಾರೆ. ಹಳೆಯ ಕಾರನ್ನು ಬಿಚ್ಚಿ ಅದರ ಭಾಗಗಳನ್ನು ಹೊಸದಕ್ಕೆ ಬಳಸುವುದೂ ಉಂಟು. ಆಗ ಫೋಟೊಗಳು ಕಾರು ಹೇಗಿತ್ತೆಂದು ಹೇಳಬಲ್ಲವು. ಹೇಗೆ ಓಡುತ್ತಿತ್ತೆಂದು ಹೇಳುವುದು ಅಳೆದು ಬರೆದಿಟ್ಟ ಅಂಕಿಗಳು ಮಾತ್ರ.