ಖಾನಾಪುರದ ಅಡವಿಯ ಮದ್ದು ಮತ್ತು ಅದರ ಮಿತಿ

ಬೆಳಗಾವಿಯಿಂದ ಜಾಂಬೋಟಿಯ ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ನೆಲದ ಸ್ವಭಾವವೇ ಬದಲಾಗುತ್ತದೆ. ಬಯಲು ಹಿಂದುಳಿದು, ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಸುತ್ತ ದಟ್ಟ ಹಸಿರಿನ ಕಾಡು ಎದುರಾಗುತ್ತದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡವೂ ಈ ಕಾಡಿನ ಭಾಗವೇ. ಖಾನಾಪುರ ತಾಲೂಕಿನ ಈ ಅರಣ್ಯಪ್ರದೇಶದಲ್ಲಿ ಗೌಳಿಗರು ಮತ್ತು ಸಿದ್ದಿಗಳು ತಲೆಮಾರುಗಳಿಂದ ಬಾಳುತ್ತ ಬಂದಿದ್ದಾರೆ. ಅವರ ಅಡುಗೆಮನೆ ಯಾವುದು, ಔಷಧಾಲಯ ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ವೈದ್ಯ ಸಂಗಣ್ಣನು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡ ಶರಣನೆಂಬುದನ್ನು ಬಲ್ಲ ಭಕ್ತರಿಗೆ, ಕಾಡಿನ ನಾಟಿ ವೈದ್ಯರ ಬದುಕು ಅಪರಿಚಿತವೆನಿಸಲಾರದು. ಇವರಲ್ಲಿ ಅನೇಕರು ಮದ್ದಿಗೆ ಬೆಲೆ ಕಟ್ಟುವುದಿಲ್ಲ. ಆದರೆ ಇವರಿಂದ ನಾವು ಕಲಿಯಬೇಕಾದುದು ಗಿಡಗಳ ಹೆಸರುಗಳನ್ನು ಮಾತ್ರವಲ್ಲ. ಯಾವ ಗಿಡದ ಯಾವ ಭಾಗವನ್ನು, ಯಾವ ಕಾಲದಲ್ಲಿ, ಎಷ್ಟು ತೆಗೆಯಬೇಕು ಎಂಬ ಮಿತಿಯೇ ಆ ವಿದ್ಯೆಯ ತಿರುಳು. ಪೇಟೆಗೆ ಬರುವಾಗ ಗಿಡ ಮಾತ್ರ ಬರುತ್ತದೆ, ಮಿತಿ ಕಾಡಿನಲ್ಲೇ ಉಳಿಯುತ್ತದೆ.

ಮುರುಗಲನ್ನೇ ನೋಡೋಣ. ಗಡಿಭಾಗದ ಮನೆಗಳಲ್ಲಿ ಇದನ್ನು ಕೋಕಂ ಎಂದೂ ಬಿರಂಡ ಎಂದೂ, ಒಣಗಿದ ಸಿಪ್ಪೆಯನ್ನು ಆಮಸೂಲ ಎಂದೂ ಕರೆಯುವುದುಂಟು. ಕಡುಕೆಂಪಾದ ಈ ಹಣ್ಣು ಬಸವ ಜಯಂತಿಯ ಆಸುಪಾಸಿನಲ್ಲಿ ಮಾಗತೊಡಗುತ್ತದೆ. ಮೊದಲ ಮಳೆ ಬೀಳುವುದರೊಳಗೆ ಆಯ್ದು, ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಬಿಸಿಲಿಗೆ ಒಣಗಿಸಿದರೆ ವರ್ಷವಿಡೀ ಕೆಡುವುದಿಲ್ಲ. ಬಿಸಿಲಿನ ದಾಹಕ್ಕೆ, ಅಜೀರ್ಣಕ್ಕೆ ಇದರ ಪಾನಕ; ಪಿತ್ತದ ಗಂದೆ ಎದ್ದಾಗ ನೆನೆಸಿದ ಸಿಪ್ಪೆಯ ನೀರನ್ನು ಮೈಗೆ ಸವರುವುದು; ಬೀಜದಿಂದ ತೆಗೆದ, ಬೆಣ್ಣೆಯಂತೆ ಗಟ್ಟಿಯಾಗುವ ಎಣ್ಣೆ ಒಡೆದ ಹಿಮ್ಮಡಿಗೆ ಮತ್ತು ತುಟಿಗೆ. ಒಂದು ಹಣ್ಣಿನಲ್ಲಿ ಬಿಸಾಡುವ ಭಾಗವೇ ಇಲ್ಲವೆನ್ನಬೇಕು. ಈ ಮರದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹಣ್ಣು ಬಿಡದ ಮರವೆಂದು ಗಂಡನ್ನು ಕಡಿದುಹಾಕಿದರೆ ಹೆಣ್ಣುಮರವೂ ಬರಿದಾಗುತ್ತದೆ. ತೋಟದಲ್ಲಿ ಬೆಳೆಸಬಯಸುವವರು ಇದನ್ನು ಮರೆಯಬಾರದು.

ಮುರುಗಲಿನ ಸೋದರಿಯಾದ ಉಪ್ಪಾಗೆಯ ಕಥೆ ಬೇರೆ. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರ 1990ರ ದಶಕದಲ್ಲಿ ವಿದೇಶಗಳಲ್ಲಿ ಹಬ್ಬಿತು. ನೆರೆಯ ಉತ್ತರ ಕನ್ನಡದ ಕಾಡುಗಳಲ್ಲಿ ಬೆಲೆಯ ಆಸೆಗೆ ಎಳೆಗಾಯಿಗಳನ್ನೇ ಕಿತ್ತರು, ಕೊಂಬೆಗಳನ್ನೇ ಕಡಿದರು. ಇಷ್ಟಾಗಿ 1998ರಲ್ಲಿ ಅಮೆರಿಕದಲ್ಲಿ 12 ವಾರಗಳ ಕಾಲ ನಡೆದ ಪರೀಕ್ಷೆಯಲ್ಲಿ, ಈ ಆಮ್ಲವನ್ನು ಸೇವಿಸಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಬಂದಿವೆ. ಸಾರಿನ ಹುಳಿಯಾಗಿ ನಿರಪಾಯವಾಗಿದ್ದುದು, ಸಾರ ಹಿಂಡಿ ಮಾತ್ರೆಯಾದಾಗ ಬೇರೆಯೇ ವಸ್ತುವಾಯಿತು.

ತೊಗಟೆಯ ಮದ್ದಿನಲ್ಲಂತೂ ಎಚ್ಚರ ಇಮ್ಮಡಿ ಬೇಕು. ಆಯುರ್ವೇದದಲ್ಲಿ ಕುಟಜವೆಂದು ಹೆಸರಾದ ಕೊಡಸಿಗೆಯ ತೊಗಟೆ ಆಮಶಂಕೆಗೆ ಬಹುಕಾಲದಿಂದ ಬಳಕೆಯಲ್ಲಿದೆ. ತಿಳಿದವರು ಮರದ ಒಂದು ಮಗ್ಗುಲಿನಲ್ಲಿ ಉದ್ದನೆಯ ಪಟ್ಟಿಯಷ್ಟೇ ಎಬ್ಬಿಸುತ್ತಾರೆ. ಸುತ್ತಲೂ ಉಂಗುರದಂತೆ ಸುಲಿದರೆ ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿ ಕಡಿದು ಮರ ಒಣಗಿಹೋಗುತ್ತದೆ. ಇದನ್ನೇ ಹೋಲುವ ಬೆಪ್ಪಾಲೆಯ ತೊಗಟೆ ಪೇಟೆಯಲ್ಲಿ ಕೊಡಸಿಗೆಯ ಹೆಸರಿನಲ್ಲೇ ಮಾರಾಟವಾಗುವುದೂ ಉಂಟು.

ಗುರುತಿನ ತಪ್ಪು ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಅಮೃತಬಳ್ಳಿ ನಿದರ್ಶನ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. ದೀರ್ಘಕಾಲ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಊತ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅಮೃತಬಳ್ಳಿಯನ್ನು ಹೋಲುವ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ವಾದಿಸಿತು. ಯಾರ ಮಾತು ಸರಿಯಾದರೂ ಮನೆಯವರ ಪಾಲಿಗೆ ಅರ್ಥ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಲಾಗದು. ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ ಕಷಾಯ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು.

ನರಕ್ಯಾ ಎಂದು ಮರಾಠಿಯಲ್ಲಿ ಹೇಳುವ ದುರ್ವಾಸನೆ ಮರದ ಮಾತನ್ನೂ ಆಡಿಬಿಡಬೇಕು. 1966ರಲ್ಲಿ ಚೀನದ ಮರವೊಂದರಲ್ಲಿ ಕಂಡುಬಂದ ಕ್ಯಾಂಪ್ಟೊಥೆಸಿನ್ ಎಂಬ ಸತ್ತ್ವ, 1972ರಲ್ಲಿ ನಮ್ಮ ಸಹ್ಯಾದ್ರಿಯ ಈ ಮರದಲ್ಲೂ ದೊರೆಯಿತು. ಅದರಿಂದ ರೂಪಿಸಿದ ಔಷಧಗಳು ಇಂದು ಕರುಳಿನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಆಸ್ಪತ್ರೆಗಳಲ್ಲಿ ಬಳಕೆಯಾಗುತ್ತಿವೆ. ಹಾಗೆಂದು ಆ ಮರದ ಚಕ್ಕೆಯನ್ನು ಕುದಿಸಿ ಕುಡಿಯುವುದು ವಿಷ ಕುಡಿದಂತೆಯೇ. ಹಾವು ಕಚ್ಚಿದಾಗಲೂ ಬೇರು ಅರೆಯುತ್ತ ಕೂರಲಾಗದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಪ್ರತಿವಿಷದ ಚುಚ್ಚುಮದ್ದು ಉಂಟು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಕೊಯ್ಯದೆ, ಬಿಗಿದು ಕಟ್ಟದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2006ರಲ್ಲಿ ಬೆಳಗಾವಿಯಲ್ಲಿ ತೆರೆದ ಕೇಂದ್ರ ಇಂದು ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಾಗಿದೆ. ಈ ಭಾಗದ ನಾಟಿ ವೈದ್ಯರ ಅರಿವನ್ನು ಅಲ್ಲಿಯ ಸಂಶೋಧಕರು ದಾಖಲಿಸಿದ್ದಾರೆ. ಹಿರಿಯರ ಜೊತೆಗೇ ಮರೆಯಾಗಬಹುದಾದ ವಿದ್ಯೆಗೆ ಇದು ಸಕಾಲಿಕ ಆಸರೆ.

ಇಷ್ಟೆಲ್ಲ ಎಚ್ಚರಿಕೆ ಓದಿ ಮುರುಗಲಿಗೂ ಹೆದರಬೇಕಿಲ್ಲ. ಎಂಟು ಹತ್ತು ಒಣಸಿಪ್ಪೆಗಳನ್ನು ತೊಳೆದು, ಒಂದು ಲೀಟರ್ ನೀರಿನಲ್ಲಿ ನಾಲ್ಕು ತಾಸು ನೆನೆಸಿ ಕಿವುಚಿ ಸೋಸಿ, ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಬೆರೆಸಿದರೆ ಪಾನಕ ಸಿದ್ಧ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು, ರಕ್ತದೊತ್ತಡದವರು ಉಪ್ಪು ಬಿಡಬೇಕು. ಬಸವ ಜಯಂತಿಯ ದಾಸೋಹಕ್ಕೆ ಇದನ್ನು ಮಾಡುವವರು ಸ್ಟೀಲಿನ ಅಥವಾ ಮಣ್ಣಿನ ಪಾತ್ರೆಯನ್ನೇ ಬಳಸಲಿ. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಹಂಡೆಯಲ್ಲಿ ಹುಳಿ ನಿಂತರೆ ಲೋಹ ಬಿಟ್ಟುಕೊಂಡು ಕುಡಿದವರಿಗೆ ವಾಂತಿಯಾಗುತ್ತದೆ.